ತೊಗರಿಯ ದಾರಿ: ಸಣ್ಣ ಉದ್ದಿಮೆಗೆ ಬೇಕಾದ ಒಂದು ತಿಳಿವಳಿಕೆ

ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ನಾವು ಒಂದು ಸರಳ ಪ್ರಶ್ನೆ ಕೇಳಿದೆವು: “ನಿಮ್ಮ ಮನೆಯ ಸಾರಿನ ಬೇಳೆ ಎಲ್ಲಿಂದ ಬರುತ್ತದೆ?” ಅರ್ಧ ತರಗತಿ “ಅಂಗಡಿಯಿಂದ” ಎಂದಿತು, ಇನ್ನರ್ಧ “ನಮ್ಮ ಹೊಲದಿಂದ” ಎಂದಿತು. ಎರಡೂ ಉತ್ತರಗಳು ಸರಿಯೇ. ಆದರೆ ಹೊಲಕ್ಕೂ ಅಂಗಡಿಗೂ ನಡುವೆ ಏನೇನು ನಡೆಯುತ್ತದೆ ಎಂದು ಕೇಳಿದಾಗ ತರಗತಿ ಸುಮ್ಮನಾಯಿತು. ನಮ್ಮ ಹೊಲದಿಂದಲೇ ಹೋದ ತೊಗರಿ, ಬೇಳೆಯಾಗಿ ನಮ್ಮ ಊರಿಗೇ ಮರಳಿ ಬರುವಷ್ಟರಲ್ಲಿ ಎಷ್ಟು ಕೈ ದಾಟಿರುತ್ತದೆ, ಎಷ್ಟು ದಿನ ಹಿಡಿದಿರುತ್ತದೆ, ಆ ದಿನಗಳಲ್ಲಿ ಯಾರ ರೊಕ್ಕ ಎಲ್ಲಿ ನಿಂತಿರುತ್ತದೆ ಎಂಬುದನ್ನು ನಾವು ಯೋಚಿಸಿಯೇ ಇರುವುದಿಲ್ಲ. ಅದನ್ನು ಅರಿಯುವುದೇ ಈ ಪಾಠದ ಉದ್ದೇಶ.

ಕನ್ನಡ ಕಲಿಸುವವರಿಗೆ ವ್ಯಾಪಾರದ ಮಾತೇಕೆ ಎಂದು ಪಾಲಕರು ಕೇಳಬಹುದು. ನಮ್ಮಲ್ಲಿ ಕಲಿತ ಮಕ್ಕಳೆಲ್ಲರೂ ಸರಕಾರಿ ನೌಕರಿಗೆ ಹೋಗುವುದಿಲ್ಲ. ಕೆಲವರು ಕಿರಾಣಿ ಅಂಗಡಿ ಇಡುತ್ತಾರೆ, ಕೆಲವರು ಹಾಲಿನ ವ್ಯಾಪಾರ ಮಾಡುತ್ತಾರೆ, ಕೆಲವರು ಸೊಲ್ಲಾಪುರದ ಚಾದರು-ಟವೆಲು ಕಾರಖಾನೆಗಳಿಗೆ ಹೋಗುತ್ತಾರೆ, ಮತ್ತೆ ಕೆಲವರು ಒಂದು ಸಣ್ಣ ಗಿರಣಿಯನ್ನೇ ಹಾಕುತ್ತಾರೆ. ಅವರಿಗೆಲ್ಲ ಬೇಕಾದ ವಿದ್ಯೆಯ ಒಂದು ತುಣುಕಾದರೂ ಶಾಲೆಯಲ್ಲಿ ಸಿಗಬೇಕೆಂಬುದು ನಮ್ಮ ಆಸೆ.

1. ಸರಪಳಿ ಎಂದರೇನು?

ಕಚ್ಚಾ ಮಾಲು ಹುಟ್ಟುವ ಜಾಗದಿಂದ ಹಿಡಿದು, ಸಿದ್ಧವಾದ ಸರಕು ಬಳಸುವವರ ಕೈ ಸೇರುವವರೆಗೆ ಇರುವ ಎಲ್ಲ ಕೊಂಡಿಗಳನ್ನೂ ಕೂಡಿಸಿ ‘ಪೂರೈಕೆ ಸರಪಳಿ’ ಎನ್ನುತ್ತಾರೆ. ಅದನ್ನು ಒಟ್ಟಾಗಿ ನೋಡಿ ನಡೆಸುವುದು ‘ಪೂರೈಕೆ ಸರಪಳಿಯ ನಿರ್ವಹಣೆ’. ಈ ಹೆಸರು ಬಳಕೆಗೆ ಬಂದದ್ದು 1982ರಲ್ಲಿ; ಕೀತ್ ಆಲಿವರ್ ಎಂಬ ಬ್ರಿಟಿಷ್ ಸಲಹೆಗಾರರು ಇದನ್ನು ಮೊದಲು ಬಳಸಿದರೆಂದು ಹೇಳುತ್ತಾರೆ. ಹೆಸರು ಹೊಸದು, ಕೆಲಸ ಮಾತ್ರ ಹಳೆಯದು. ಹಗೇವಿನಲ್ಲಿ ಜೋಳ ತುಂಬಿ, ಮುಂದಿನ ರಾಶಿಯವರೆಗೆ ಎಷ್ಟು ಬೇಕು, ಬೀಜಕ್ಕೆ ಎಷ್ಟು ಉಳಿಸಬೇಕು ಎಂದು ಲೆಕ್ಕ ಹಾಕುತ್ತಿದ್ದ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ.

ಈ ಸರಪಳಿಯಲ್ಲಿ ಮೂರು ಹರಿವುಗಳಿವೆ. ಮೊದಲನೆಯದು ಮಾಲು, ಅದು ಹೊಲದಿಂದ ಅಂಗಡಿಯ ಕಡೆಗೆ ಹರಿಯುತ್ತದೆ. ಎರಡನೆಯದು ಹಣ, ಅದು ಅಂಗಡಿಯಿಂದ ಹೊಲದ ಕಡೆಗೆ ಹಿಂದಕ್ಕೆ ಹರಿಯುತ್ತದೆ. ಮೂರನೆಯದು ಸುದ್ದಿ, ಎಷ್ಟು ಬೇಕು, ಎಂದು ಬೇಕು, ದರ ಏನು, ಬೆಳೆ ಹೇಗಿದೆ ಎಂಬ ಸುದ್ದಿ ಎರಡೂ ಕಡೆಗೆ ಹರಿಯಬೇಕು. ಮಾಲನ್ನು ಎಲ್ಲರೂ ಕಾಣುತ್ತಾರೆ. ಹಣ ಮತ್ತು ಸುದ್ದಿ ಕಣ್ಣಿಗೆ ಕಾಣದ ಕಾರಣ ಸಣ್ಣ ವ್ಯಾಪಾರಿ ಅವುಗಳಲ್ಲೇ ಎಡವುತ್ತಾನೆ.

2. ತೊಗರಿ ನಡೆಯುವ ದಾರಿ

ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯ ಹೊತ್ತಿಗೆ ರಾಶಿಗೆ ಬರುತ್ತದೆ. ಕಣದಿಂದ ಚೀಲಕ್ಕೆ, ಚೀಲದಿಂದ ಟೆಂಪೊಗೆ, ಅಲ್ಲಿಂದ ಅಕ್ಕಲಕೋಟ, ದುಧನಿ, ಆಳಂದ ಅಥವಾ ಕಲಬುರಗಿಯ ಅಡತಿ ಅಂಗಡಿಗೆ ಹೋಗುತ್ತದೆ. ನಮ್ಮ ಊರಿನ ಹೆಸರು ಕರ್ನಾಟಕದ ಒಂದು ರಾಜ್ಯ ಹೆದ್ದಾರಿಗೇ ಇದೆ ಎಂಬುದನ್ನು ಮಕ್ಕಳು ನೆನಪಿಡಬೇಕು. ಆಳಂದ, ಕಲಬುರಗಿ, ಸೇಡಂ ದಾಟಿ ತೆಲಂಗಾಣದ ಗಡಿಯವರೆಗೆ ಹೋಗುವ ಆ ದಾರಿಯನ್ನು ವಾಗದರಿ-ರಿಬ್ಬನಪಲ್ಲಿ ರಸ್ತೆ ಎಂದೇ ಕರೆಯುತ್ತಾರೆ. ನಾಡಿನ ತೊಗರಿ ಕಣಜವೆನಿಸಿದ ಕಲಬುರಗಿ ಜಿಲ್ಲೆಯನ್ನು ಅಡ್ಡಕ್ಕೆ ಸೀಳಿಕೊಂಡು ಹೋಗುವ ದಾರಿ ಅದು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಅಡತಿಯಲ್ಲಿ ಸವಾಲು, ತೂಕ, ಹಮಾಲಿ ಮುಗಿದ ಮೇಲೆ ತೊಗರಿ ದಾಲ್‌ಮಿಲ್ಲಿಗೆ ಹೋಗುತ್ತದೆ. ಅಲ್ಲಿ ಕಲ್ಲು-ಕಡ್ಡಿ ತೆಗೆದು, ಗಾತ್ರದಂತೆ ಬೇರ್ಪಡಿಸಿ, ಉರುಳೆಯಲ್ಲಿ ಹಾಯಿಸಿ ಸಿಪ್ಪೆಗೆ ಗೀರು ಬೀಳಿಸುತ್ತಾರೆ. ಆಮೇಲೆ ಸ್ವಲ್ಪ ಎಣ್ಣೆ ಸವರಿ, ನೀರು ಹನಿಸಿ, ಬಿಸಿಲಿನಲ್ಲಾಗಲಿ ಯಂತ್ರದಲ್ಲಾಗಲಿ ಒಣಗಿಸುತ್ತಾರೆ. ಸಿಪ್ಪೆ ಸಡಿಲವಾದ ಮೇಲೆ ಅದನ್ನು ತೆಗೆದು ಕಾಳನ್ನು ಎರಡು ಹೋಳಾಗಿ ಒಡೆಯುತ್ತಾರೆ. ಒಂದು ಕ್ವಿಂಟಲ್ ತೊಗರಿಗೆ ಸುಮಾರು 70ರಿಂದ 75 ಕಿಲೊ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಅದೂ ದನಗಳ ಮೇವಾಗಿ ಮಾರಾಟವಾಗುತ್ತದೆ. ನಮ್ಮ ಅಜ್ಜಿಯರು ತೊಗರಿಗೆ ಕೆಮ್ಮಣ್ಣು ಹಚ್ಚಿ, ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆಯುತ್ತಿದ್ದರು. ಬೆಳೆದವರು, ಒಡೆದವರು, ಉಂಡವರು ಎಲ್ಲರೂ ಒಂದೇ ಮನೆಯಲ್ಲಿದ್ದುದರಿಂದ ಆ ಸರಪಳಿಗೆ ಒಂದೇ ಕೊಂಡಿ ಸಾಕಾಗಿತ್ತು.

ಈಗ ಮಿಲ್ಲಿನಿಂದ ಸಗಟು ವ್ಯಾಪಾರಿ, ಅಲ್ಲಿಂದ ಚಿಲ್ಲರೆ ಅಂಗಡಿ, ಅಲ್ಲಿಂದ ನಮ್ಮ ಅಡುಗೆಮನೆ. ಇದರಲ್ಲಿ ನಡುವಿನ ಬಹುಪಾಲು ಕೊಂಡಿಗಳು ಸಣ್ಣ ಉದ್ದಿಮೆಗಳೇ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಯಂತ್ರೋಪಕರಣದಲ್ಲಿ ಎರಡೂವರೆ ಕೋಟಿ ರೂಪಾಯಿಯವರೆಗೆ ಬಂಡವಾಳ, ವರ್ಷಕ್ಕೆ 10 ಕೋಟಿಯವರೆಗೆ ವಹಿವಾಟು ಇರುವುದು ಅತಿಸಣ್ಣ ಉದ್ದಿಮೆ. 25 ಕೋಟಿ ಬಂಡವಾಳ ಮತ್ತು 100 ಕೋಟಿ ವಹಿವಾಟಿನವರೆಗೆ ಸಣ್ಣದು. 125 ಕೋಟಿ ಮತ್ತು 500 ಕೋಟಿಯವರೆಗೆ ಮಧ್ಯಮ. ನಮಗೆ ದೊಡ್ಡದಾಗಿ ಕಾಣುವ ಎಷ್ಟೋ ಗಿರಣಿಗಳು ಸರಕಾರದ ಲೆಕ್ಕದಲ್ಲಿ ಸಣ್ಣವೇ.

3. ಒಬ್ಬ ಹಳೆಯ ವಿದ್ಯಾರ್ಥಿಯ ಕಥೆ

ನಮ್ಮಲ್ಲಿ ಕಲಿತ ಒಬ್ಬ ಹುಡುಗ ಅಣ್ಣನೊಡನೆ ಸೇರಿ ಹತ್ತಿರದ ಪಟ್ಟಣದಲ್ಲಿ ಒಂದು ಸಣ್ಣ ದಾಲ್‌ಮಿಲ್ ಹಾಕಿದ. ತಾಯಿಯ ಬಂಗಾರದ ಪಾಟಲಿ ಒತ್ತೆ ಇಟ್ಟು ತಂದ ರೊಕ್ಕವೂ ಅದರಲ್ಲಿತ್ತು. ಹುಡುಗ ಶ್ರಮಜೀವಿ, ಅವನ ಬೇಳೆ ಸ್ವಚ್ಛವಾಗಿತ್ತು, ತೂಕದಲ್ಲಿ ಮೋಸವಿರಲಿಲ್ಲ. ಆದರೂ ಎರಡನೆಯ ವರ್ಷವೇ ಮಿಲ್ಲಿನ ಬಾಗಿಲು ಹಾಕಬೇಕಾಯಿತು. ಅವನು ಶಾಲೆಗೆ ಬಂದು ನಮ್ಮೆದುರು ಕುಳಿತು ಹೇಳಿದ ಮಾತು ಇಂದಿಗೂ ನೆನಪಿದೆ: “ಬ್ಯಾಳಿ ಒಡೆಯೋದು ಬಂತ್ರಿ ಗುರುಗಳೆ, ರೊಕ್ಕ ಎಲ್ಲಿ ನಿಂತದ ಅನ್ನೋದು ತಿಳೀಲಿಲ್ರಿ.”

ಅವನೊಡನೆ ಕುಳಿತು ನಾವು ಹಳೆಯ ಚೀಟಿಗಳನ್ನು ಒಂದೊಂದಾಗಿ ಜೋಡಿಸಿ ನೋಡಿದೆವು. ಮೂರು ತಪ್ಪು ಕಂಡವು. ದರ ಏರುತ್ತದೆಂಬ ಗಾಳಿಸುದ್ದಿ ನಂಬಿ ಒಂದೇ ತಿಂಗಳಲ್ಲಿ ಇಡೀ ವರ್ಷದ ತೊಗರಿ ಕೊಂಡಿದ್ದ, ದರ ಇಳಿಯಿತು. ಬೇಳೆಯನ್ನೆಲ್ಲ ಒಬ್ಬನೇ ವ್ಯಾಪಾರಿಗೆ ಉದ್ರಿ ಕೊಡುತ್ತಿದ್ದ. ಒಂದು ತಿಂಗಳೆಂದ ಆ ವ್ಯಾಪಾರಿ ಮೂರು ತಿಂಗಳು ಕಾಯಿಸಿದ. ಸುಗ್ಗಿಯ ದಿನಗಳಲ್ಲಿ ಯಂತ್ರದ ಪಟ್ಟಾ ಹರಿದಾಗ ಇನ್ನೊಂದು ಇಟ್ಟುಕೊಂಡಿರಲಿಲ್ಲ. ಹೊಸದು ದೂರದ ಊರಿನಿಂದ ಬರುವವರೆಗೆ ಆರು ದಿನ ಮಿಲ್ ನಿಂತಿತ್ತು. ಗಾಡಿ ಎಷ್ಟೇ ಗಟ್ಟಿಯಿದ್ದರೂ ಕಡಾಣಿ ಕಳಚಿದರೆ ಗಾಲಿ ಉರುಳಿಹೋಗುತ್ತದೆ. ಹುಡುಗನಿಗೆ ಬೇಳೆಯ ಕೆಲಸ ಗೊತ್ತಿತ್ತು. ಬೇಳೆಯ ಹಿಂದಿನ ಮತ್ತು ಮುಂದಿನ ಕೊಂಡಿಗಳು ಗೊತ್ತಿರಲಿಲ್ಲ.

4. ದಿನಗಳ ಲೆಕ್ಕ

ಹಣ ಹೇಗೆ ನಿಲ್ಲುತ್ತದೆಂಬುದನ್ನು ಒಂದು ಊಹೆಯ ಲೆಕ್ಕದಿಂದ ತಿಳಿಯೋಣ. ಒಂದು ಮಿಲ್ ದಿನಕ್ಕೆ 10 ಕ್ವಿಂಟಲ್ ತೊಗರಿ ಕೊಳ್ಳುತ್ತದೆ. ದರ ಕ್ವಿಂಟಲಿಗೆ 7,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನದ ಖರೀದಿ 70,000 ರೂಪಾಯಿ. ತೊಗರಿ ಗೋದಾಮಿನಲ್ಲಿ 8 ದಿನ ಇರುತ್ತದೆ. ಒಣಗಿ ಬೇಳೆಯಾಗಲು 5 ದಿನ. ಬೇಳೆ ಮಾರಿ ಲಾರಿ ಏರಲು 7 ದಿನ. ಕೊಂಡವನು ಹಣ ಕೊಡಲು 30 ದಿನ. ಒಟ್ಟು 50 ದಿನ. ಅಡತಿಯವರು ಮಿಲ್ಲಿಗೆ 10 ದಿನ ಉದ್ರಿ ಕೊಟ್ಟರೆ ಉಳಿದದ್ದು 40 ದಿನ. 40 ದಿನಕ್ಕೆ ದಿನವೊಂದಕ್ಕೆ 70,000ದಂತೆ 28 ಲಕ್ಷ ರೂಪಾಯಿ ಸರಪಳಿಯಲ್ಲಿ ಸದಾ ಸಿಕ್ಕಿಕೊಂಡಿರುತ್ತದೆ. ಅದನ್ನು ವರ್ಷಕ್ಕೆ ನೂರಕ್ಕೆ 12ರಂತೆ ಸಾಲ ತಂದಿದ್ದರೆ ಬಡ್ಡಿ ವರ್ಷಕ್ಕೆ 3,36,000 ರೂಪಾಯಿ, ಅಂದರೆ ತಿಂಗಳಿಗೆ 28,000.

ಈಗ ಉದ್ರಿಯನ್ನು 30 ದಿನದಿಂದ 20 ದಿನಕ್ಕೆ ಇಳಿಸಿದರೆ ಏನಾಗುತ್ತದೆ? ಸಿಕ್ಕಿಕೊಂಡ ಹಣ 21 ಲಕ್ಷಕ್ಕೆ ಇಳಿಯುತ್ತದೆ. ತಿಂಗಳ ಬಡ್ಡಿ 21,000 ಆಗುತ್ತದೆ. ಹೊಸ ಯಂತ್ರ ತರಲಿಲ್ಲ, ಒಂದು ಚೀಲ ಬೇಳೆಯನ್ನೂ ಹೆಚ್ಚು ಮಾಡಲಿಲ್ಲ. ಆದರೂ ತಿಂಗಳಿಗೆ 7,000 ರೂಪಾಯಿ ಉಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಹೇಳುತ್ತಾರೆ. ಈ ಲೆಕ್ಕ ಹಾಕಿದವನಿಗೆ ಮಾತ್ರ ತನ್ನ ಹಾಸಿಗೆ ಎಷ್ಟು ಉದ್ದವಿದೆ ಎಂಬುದು ಗೊತ್ತಾಗುತ್ತದೆ.

5. ಬಾರುಕೋಲಿನ ತುದಿ

ಸುದ್ದಿಯ ಹರಿವು ಕೆಟ್ಟರೆ ಏನಾಗುತ್ತದೆಂದು ತಿಳಿಯಲು ತರಗತಿಯಲ್ಲಿ ಒಂದು ಆಟ ಆಡಿದೆವು. ನಾಲ್ವರು ಮಕ್ಕಳು ಅಂಗಡಿಯವನು, ಸಗಟು ವ್ಯಾಪಾರಿ, ಮಿಲ್ಲಿನವನು, ಅಡತಿಯವನು ಆದರು. ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ; ಬೇಕಾದ ಚೀಲಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಹಿಂದಿನವನಿಗೆ ಕೊಡಬೇಕು. ವಾರಕ್ಕೆ 4 ಚೀಲ ಮಾರುತ್ತಿದ್ದ ಅಂಗಡಿಯಲ್ಲಿ ಜಾತ್ರೆಯ ವಾರ 6 ಚೀಲ ಹೋಯಿತು. ಮಾಲು ಮುಗಿದೀತೆಂದು ಅಂಗಡಿಯವನು 8 ಬರೆದ. 8 ಕಂಡ ಸಗಟು ವ್ಯಾಪಾರಿ ಬೇಡಿಕೆ ಏರುತ್ತಿದೆ ಎಂದು 12 ಬರೆದ. ಮಿಲ್ಲಿನವನು 18 ಬರೆದ. ಮುಂದಿನ ವಾರ ಜಾತ್ರೆ ಮುಗಿದಿತ್ತು. ಅಂಗಡಿಗೆ ಬೇಕಾದದ್ದು ಮತ್ತೆ 4 ಚೀಲ. ಹಿಂದಿನ ಮೂವರ ಗೋದಾಮಿನಲ್ಲಿ ಮಾಲು ಕೊಳೆಯತೊಡಗಿತು, ಮಕ್ಕಳು ಒಬ್ಬರನ್ನೊಬ್ಬರು ಬಯ್ಯತೊಡಗಿದರು.

ಬಾರುಕೋಲು ಹಿಡಿದ ಕೈ ತುಸು ಅಲುಗಿದರೂ ಬಾರಿನ ತುದಿ ಗಾಳಿಯಲ್ಲಿ ದೊಡ್ಡದಾಗಿ ಹೊರಳುತ್ತದೆ. ಸರಪಳಿಯಲ್ಲೂ ಹಾಗೆಯೇ. ಬೇಡಿಕೆಯ ಸಣ್ಣ ಏರಿಳಿತ ಹಿಂದೆ ಹಿಂದೆ ಹೋದಂತೆ ದೊಡ್ಡದಾಗುತ್ತದೆ. ಅಮೆರಿಕದ ಜೇ ಫಾರೆಸ್ಟರ್ ಎಂಬ ವಿದ್ವಾಂಸರು ಇದನ್ನು 1961ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ನಾವು ಆಡಿದ ಆಟವೂ ಅವರ ಸಂಸ್ಥೆಯಲ್ಲಿ ಹುಟ್ಟಿದ ಒಂದು ಆಟದ ಹಳ್ಳಿಯ ರೂಪ.

ಇಂಥ ಏರಿಳಿತದ ಪೆಟ್ಟನ್ನು ತೊಗರಿಯ ಬೆಳೆಗಾರರು ಕಂಡುಂಡಿದ್ದಾರೆ. 2015ರಲ್ಲಿ ನಗರಗಳಲ್ಲಿ ತೊಗರಿ ಬೇಳೆ ಕಿಲೊಗೆ 200 ರೂಪಾಯಿಯ ಹತ್ತಿರ ಹೋಯಿತು. ಆ ದರ ಕಂಡು 2016ರ ಮುಂಗಾರಿನಲ್ಲಿ ರೈತರು ಹೆಚ್ಚು ನೆಲದಲ್ಲಿ ತೊಗರಿ ಬಿತ್ತಿದರು, ಮಳೆಯೂ ಕೈಹಿಡಿಯಿತು. 2015-16ರಲ್ಲಿ ಸುಮಾರು 26 ಲಕ್ಷ ಟನ್ ಇದ್ದ ದೇಶದ ಉತ್ಪನ್ನ 2016-17ರಲ್ಲಿ ಸುಮಾರು 49 ಲಕ್ಷ ಟನ್ನಿಗೆ ಏರಿತು. ಹೊರದೇಶಗಳಿಂದಲೂ ತೊಗರಿ ಬಂದಿತ್ತು. ಪೇಟೆಯ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. ಸರಕಾರ ಖರೀದಿ ಕೇಂದ್ರ ತೆರೆದಾಗ ಮಹಾರಾಷ್ಟ್ರದಲ್ಲಿ ಹಲವೆಡೆ ಗೋಣಿಚೀಲವಿಲ್ಲದೆ ತೂಕ ನಿಂತಿತು. ತೊಗರಿಯಿದೆ, ಕೊಳ್ಳುವವರಿದ್ದಾರೆ, ತುಂಬಲು ಚೀಲವಿಲ್ಲ! ಒಂದು ಬರಿದಾದ ಗೋಣಿಚೀಲವೂ ಸರಪಳಿಯ ಕೊಂಡಿಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಂಗ್ರಹ ಮಾಡುವವರಿಗೂ ಸುದ್ದಿ ಬೇಕು. 2023ರ ಜೂನ್‌ನಲ್ಲಿ ಕೇಂದ್ರ ಸರಕಾರ ತೊಗರಿ ಮತ್ತು ಉದ್ದಿನ ಸಂಗ್ರಹಕ್ಕೆ ಮಿತಿ ಹಾಕಿತು. ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಇಂಥ ಆಜ್ಞೆಯ ಸುದ್ದಿ ತಡವಾಗಿ ತಿಳಿದವನು ಮಾಲನ್ನು ಅವಸರದಲ್ಲಿ ಮಾರಿ ನಷ್ಟ ಅನುಭವಿಸುತ್ತಾನೆ.

ಬೇಳೆಗಷ್ಟೇ ಈ ಮಾತು ಸಲ್ಲುವುದಿಲ್ಲ. ಸೊಲ್ಲಾಪುರದ ಚಾದರು ದೇಶದಲ್ಲೆಲ್ಲ ಹೆಸರಾದದ್ದು. ಅದನ್ನು ನೇಯುವ ಸಣ್ಣ ಕಾರಖಾನೆಗೆ ನೂಲು ಬೇಕು, ಬಣ್ಣ ಬೇಕು, ವಿದ್ಯುತ್ತು ಬೇಕು, ಕುಶಲ ಕೈ ಬೇಕು. ಚಳಿಗಾಲಕ್ಕೆ ಮಾರಬೇಕಾದ ಚಾದರಿನ ನೂಲನ್ನು ಮಳೆಗಾಲದಲ್ಲೇ ಕೊಳ್ಳಬೇಕು. ನೂಲಿನ ದರ ಇಂದು ಏರಿದರೂ, ಚಾದರಿನ ದರವನ್ನು ಅವನು ಎರಡು ತಿಂಗಳ ಹಿಂದೆಯೇ ಒಪ್ಪಿಕೊಂಡಿರುತ್ತಾನೆ. ಅವನ ಗೆಲವು-ಸೋಲುಗಳೂ ಕೊಂಡಿಗಳ ತಿಳಿವಳಿಕೆಯಲ್ಲೇ ಇವೆ.

6. ಸಣ್ಣವರು ಕಲಿಯಬೇಕಾದದ್ದು

ದೊಡ್ಡ ಕಂಪನಿಗಳಲ್ಲಿ ಖರೀದಿಗೆ ಒಬ್ಬರು, ಗೋದಾಮಿಗೆ ಒಬ್ಬರು, ಸಾಗಾಟಕ್ಕೆ ಒಬ್ಬರು, ವಸೂಲಿಗೆ ಒಬ್ಬರು ಇರುತ್ತಾರೆ. ಸಣ್ಣ ಉದ್ದಿಮೆಯಲ್ಲಿ ಈ ನಾಲ್ವರೂ ಮಾಲಕನೊಬ್ಬನ ತಲೆಯಲ್ಲೇ ಇರುತ್ತಾರೆ. ಅವನು ಜ್ವರ ಬಂದು ಮಲಗಿದರೆ ನಾಲ್ವರೂ ಮಲಗಿದಂತೆ. ಆದ್ದರಿಂದ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸುವುದು ಮೊದಲ ಪಾಠ. ಯಾರಿಂದ ಏನು ಬಂತು, ಯಾವ ದಿನ, ಯಾವ ದರ. ಯಾರಿಗೆ ಹೋಯಿತು, ಎಂದು ಹಣ ಬರಬೇಕು, ಎಂದು ಬಂತು. ಇಷ್ಟು ಬರೆದಿಟ್ಟರೆ ಸಾಕು.

ಎರಡನೆಯದು, ಕೊಡುವವರಾಗಲಿ ಕೊಳ್ಳುವವರಾಗಲಿ ಒಬ್ಬರೇ ಇರಬಾರದು; ಕಡಿಮೆಯೆಂದರೆ ಇಬ್ಬರು ಬೇಕು. ಮೂರನೆಯದು, ಇಲ್ಲದಿದ್ದರೆ ಕೆಲಸವೇ ನಿಲ್ಲುವಂಥ ಸಣ್ಣ ವಸ್ತುಗಳ ಪಟ್ಟಿ ಮಾಡಿ, ಒಂದೊಂದನ್ನು ಹೆಚ್ಚಿಗೆ ಇಡಬೇಕು.

ನಾಲ್ಕನೆಯದು, ತನಗಿರುವ ಹಕ್ಕನ್ನು ತಿಳಿಯಬೇಕು. 2006ರ ಕಾಯ್ದೆಯಂತೆ, ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉತ್ಪಾದಕರಿಂದ ಮಾಲು ಕೊಂಡವರು ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. 2020ರ ಜುಲೈಯಿಂದ ಈ ನೋಂದಣಿಗೆ ‘ಉದ್ಯಮ್’ ಎಂದು ಹೆಸರು, ಅದಕ್ಕೆ ಶುಲ್ಕವಿಲ್ಲ. ನಮ್ಮ ಹಳೆಯ ವಿದ್ಯಾರ್ಥಿ ನೋಂದಣಿ ಮಾಡಿಸಿರಲಿಲ್ಲ. ಕಾಯ್ದೆಯ ಹೆಸರೂ ಕೇಳಿರಲಿಲ್ಲ.

ಪಾಲಕ ಬಂಧುಗಳಿಗೂ ಇಲ್ಲಿ ಒಂದು ಮಾತಿದೆ. ರೈತನೇ ಸರಪಳಿಯ ಮೊದಲ ಕೊಂಡಿ. ಬೆಂಬಲ ಬೆಲೆಯ ಖರೀದಿಯಲ್ಲಿ ತೊಗರಿಯ ತೇವ ನೂರಕ್ಕೆ 12ಕ್ಕಿಂತ ಹೆಚ್ಚಿರಬಾರದು. ಎರಡು ದಿನ ಹೆಚ್ಚು ಒಣಗಿಸಿ, ಕಲ್ಲು-ಮಣ್ಣು ತೂರಿ ಒಯ್ದರೆ ಮಾಲು ತಿರುಗಿ ಬರುವ ಭಯವಿಲ್ಲ. ರಾಶಿಯಾದ ವಾರವೇ ಎಲ್ಲರೂ ಪೇಟೆಗೆ ಒಯ್ಯುವುದರಿಂದ ದರ ಇಳಿಯುತ್ತದೆ. 2007ರ ಗೋದಾಮು ಕಾಯ್ದೆಯಂತೆ ನೋಂದಾಯಿತವಾದ ಗೋದಾಮಿನಲ್ಲಿ ಮಾಲು ಇಟ್ಟರೆ ಸಿಗುವ ರಸೀದಿಯ ಮೇಲೆ ಬ್ಯಾಂಕಿನಿಂದ ಸಾಲ ಪಡೆಯಬಹುದು. ಮನೆಯ ತುರ್ತು ಖರ್ಚಿಗೆ ಅದು ಒದಗಿದರೆ ತೊಗರಿಯನ್ನು ಅಗ್ಗಕ್ಕೆ ಕೊಡಬೇಕಾಗಿಲ್ಲ. ಆದರೆ ದರ ಏರಿಯೇ ಏರುತ್ತದೆಂಬ ಭರವಸೆ ಯಾರೂ ಕೊಡಲಾರರು. ಬಡ್ಡಿ, ಬಾಡಿಗೆ ಲೆಕ್ಕ ಹಾಕಿಯೇ ಇಡಬೇಕು.

7. ಮಾತು ಮತ್ತು ಲೆಕ್ಕ

ನಮ್ಮ ಗಡಿನಾಡಿನಲ್ಲಿ ಮಾತು ಕನ್ನಡದಲ್ಲಿ, ಪಟ್ಟಿ ಮರಾಠಿಯಲ್ಲಿ, ಬ್ಯಾಂಕಿನ ಅರ್ಜಿ ಇಂಗ್ಲಿಷಿನಲ್ಲಿ. ಮೂರನ್ನೂ ಓದಬಲ್ಲ ಮಗುವೊಂದು ಮನೆಯಲ್ಲಿದ್ದರೆ ಆ ಮನೆಗೆ ಒಬ್ಬ ಗುಮಾಸ್ತ ಸಿಕ್ಕಂತೆ. ಜಮಾ, ಖರ್ಚು, ಬಾಕಿ ಎಂಬ ಪದಗಳು ಅರಬ್ಬಿ-ಪಾರಸಿಗಳಿಂದ ಬಂದು ನಮ್ಮ ಅಜ್ಜಂದಿರ ಬಾಯಲ್ಲಿ ಕನ್ನಡವೇ ಆಗಿಹೋದವು. ಅದರಂತೆಯೇ ಪೂರೈಕೆ ಸರಪಳಿ ಎಂಬ ಹೊಸ ಮಾತೂ ನಮ್ಮದಾಗಲಿ. ಪದವನ್ನು ಬಾಯಿಪಾಠ ಮಾಡಿದರೆ ಮಾತ್ರ ಸಾಲದು. ಅದರ ಲೆಕ್ಕ ಮನೆಯ ವಹಿಯಲ್ಲಿ ಬರಬೇಕು.

ಆ ಹಳೆಯ ವಿದ್ಯಾರ್ಥಿ ಈಗ ಬಾಡಿಗೆಯ ಜಾಗದಲ್ಲಿ ಚಿಕ್ಕದಾಗಿ ಮತ್ತೆ ಕೆಲಸ ಆರಂಭಿಸಿದ್ದಾನೆ. ಹದಿನೈದು ದಿನಕ್ಕೆ ಆಗುವಷ್ಟೇ ತೊಗರಿ ಕೊಳ್ಳುತ್ತಾನೆ. ಐದು ಊರಿನ ಅಂಗಡಿಗಳಿಗೆ ಬೇಳೆ ಕೊಡುತ್ತಾನೆ. ಗೋಡೆಯ ಮೊಳೆಗೆ ಒಂದು ಹೊಸ ಪಟ್ಟಾ ತೂಗುಹಾಕಿದ್ದಾನೆ. ಅವನ ವಹಿಯನ್ನು ತಂಗಿ ಬರೆಯುತ್ತಾಳೆ. ಅವಳು ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿದ್ದಾಳೆ. ತಾಯಿಯ ಪಾಟಲಿ ಇನ್ನೂ ಬಿಡಿಸಿಲ್ಲ. ಆದರೆ ಅದನ್ನು ಬಿಡಿಸಲು ಇನ್ನೆಷ್ಟು ತಿಂಗಳು ಬೇಕೆಂಬುದು ಈಗ ಆ ವಹಿಯಲ್ಲಿ ಬರೆದಿದೆ.

ಅಭ್ಯಾಸ

1. ನಿಮ್ಮ ಮನೆಗೆ ಬರುವ ಯಾವುದಾದರೂ ಒಂದು ವಸ್ತುವನ್ನು (ಬೇಳೆ, ಸಕ್ಕರೆ, ಚಾದರು) ಆರಿಸಿ, ಅದು ದಾಟಿ ಬಂದ ಕೊಂಡಿಗಳನ್ನು ಅಂಗಡಿಯವರನ್ನು ಕೇಳಿ ಬರೆಯಿರಿ.
2. ಮೇಲಿನ ಲೆಕ್ಕದಲ್ಲಿ ಕೊಂಡವನು 30ರ ಬದಲು 90 ದಿನಕ್ಕೆ ಹಣ ಕೊಟ್ಟರೆ ಎಷ್ಟು ಹಣ ಸಿಕ್ಕಿಕೊಳ್ಳುತ್ತದೆ? ತಿಂಗಳ ಬಡ್ಡಿ ಎಷ್ಟು?
3. ಚೀಟಿಯ ಆಟವನ್ನು ಎರಡು ಸಲ ಆಡಿರಿ: ಒಮ್ಮೆ ಮಾತಿಲ್ಲದೆ, ಒಮ್ಮೆ ಅಂಗಡಿಯ ನಿಜವಾದ ಮಾರಾಟವನ್ನು ನಾಲ್ವರಿಗೂ ತಿಳಿಸಿ. ಉಳಿದ ಚೀಲಗಳನ್ನು ಹೋಲಿಸಿರಿ.
4. ಮನೆಯಲ್ಲಿ ಅಂಗಡಿ, ಹಾಲು, ಹೊಲಿಗೆ, ಹೊಲ, ಯಾವುದೇ ಇರಲಿ, ತಂದೆ-ತಾಯಿಯರ ಒಪ್ಪಿಗೆ ಪಡೆದು ಒಂದು ತಿಂಗಳ ವಹಿಯನ್ನು ನೀವೇ ಬರೆಯಿರಿ. ತಿಂಗಳ ಕೊನೆಗೆ ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿರಿ.